ಕೂಡಲದಿಂದ ಇಳಕಲ್ಲಿಗೆ

ಪ್ರವಾಸವೆಂದೊಡನೆ ನಮ್ಮ ಮನಸ್ಸು ದೊಡ್ಡದನ್ನೇ ಬಯಸುತ್ತದೆ. ಎತ್ತರದ ಗೋಪುರ, ಧುಮುಕುವ ಜಲಪಾತ, ಹಿಮ ಹೊದ್ದ ಶಿಖರ ಇವು ಕಣ್ಣಿಗೆ ಬಿದ್ದರೆ ಮಾತ್ರ ಹೋದದ್ದು ಸಾರ್ಥಕವಾಯಿತೆಂಬ ಭಾವನೆ. ಮನೆಯ ಬದುಕಿನಲ್ಲಿಯೂ ಇದೇ ರೂಢಿ. ಮಗನ ನೌಕರಿ, ಮಗಳ ಮದುವೆ, ಸ್ವಂತದ್ದೊಂದು ಮನೆ ಎಂಬ ದೊಡ್ಡ ದಿನಗಳಿಗಾಗಿ ಕಾಯುತ್ತ ಕೂಡುತ್ತೇವೆ. ನಡುವೆ ಬಂದು ಹೋಗುವ ನೂರಾರು ಸಣ್ಣ ದಿನಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಯುಷ್ಯದ ಬಹುಭಾಗವಾದರೋ ಆ ಸಣ್ಣ ದಿನಗಳಿಂದಲೇ ಆದದ್ದು. ಈ ಮಾತು ತಿಳಿಯದ ಮಾತೇನಲ್ಲ. ತಿಳಿದೂ ಮರೆಯುವ ಮಾತು. ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಹಗಲಿನಲ್ಲಿ ಮುಗಿಯುವಂತಹ ಚಿಕ್ಕ ಪ್ರವಾಸವೊಂದು ಅದನ್ನು ನಮಗೆ ನೆನಪಿಗೆ ತಂದುಕೊಟ್ಟಿತು.

ಎಳ್ಳ ಅಮಾವಾಸ್ಯೆ ಮುಗಿದು ನಾಲ್ಕಾರು ದಿನಗಳಾಗಿದ್ದವು. ಮನೆಯ ಹಿರಿಯರೂ ಕಿರಿಯರೂ ಕೂಡಿ ನಾವು ಬೆಳಗಿನ ಜಾವಕ್ಕೆ ಕೂಡಲಸಂಗಮವನ್ನು ತಲುಪಿದೆವು. ಹೊಳೆಯ ಮೇಲೆ ಇನ್ನೂ ಮಂಜು ಕವಿದಿತ್ತು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಇಲ್ಲಿ ಒಂದಾಗುತ್ತವೆ. ಕೂಡಲ ಎಂದರೆ ಕೂಡುವ ಸ್ಥಳ. ಬಸವಣ್ಣನವರು ಎಳೆಯ ವಯಸ್ಸಿನಲ್ಲಿ ವಿದ್ಯೆ ಕಲಿತದ್ದು ಇಲ್ಲಿಯೇ, ಕಲ್ಯಾಣದ ಬಾಳು ಮುಗಿಸಿ ಐಕ್ಯರಾದದ್ದೂ ಇಲ್ಲಿಯೇ ಎಂದು ನಮ್ಮ ಪರಂಪರೆ ಹೇಳುತ್ತದೆ. ತಮ್ಮ ವಚನಗಳ ಅಂಕಿತವನ್ನಾಗಿಯೂ ಅವರು ಈ ನೆಲದ ದೇವನ ಹೆಸರನ್ನೇ ಆಯ್ದುಕೊಂಡರು.

ಚಾಲುಕ್ಯ ಶೈಲಿಯ ಸಂಗಮನಾಥನ ಗುಡಿಯನ್ನು ನೋಡಿಕೊಂಡು ಐಕ್ಯಮಂಟಪದ ಕಡೆಗೆ ನಡೆದೆವು. 1982ರಲ್ಲಿ ಕೆಳಗಡೆ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾದ ಮೇಲೆ ಹಿನ್ನೀರು ಸಂಗಮದವರೆಗೂ ಬಂದು ನಿಂತಿತು. ಬಯಲು ಸೀಮೆಯ ಹೊಲಗಳಿಗೆ ನೀರು ಬೇಕು. ಆ ನೀರಿನ ಹಾದಿಯಲ್ಲಿಯೇ ಐಕ್ಯಸ್ಥಳ. ನೀರನ್ನೂ ಬಿಡದೆ, ಸ್ಥಳವನ್ನೂ ಬಿಡದೆ, ಮಂಟಪದ ಸುತ್ತ ಬೃಹತ್ತಾದ ಬಾವಿಯಂತೆ ಗೋಡೆಯನ್ನು ಕಟ್ಟಿದರು. ಈಗ ಸೇತುವೆಯ ಮೇಲೆ ನಡೆದುಹೋಗಿ, ಬಾವಿಯೊಳಕ್ಕೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಹೊಳೆ ತುಂಬಿದ ಕಾಲದಲ್ಲಿ ಹೊರಗೆ ತಲೆಯ ಮಟ್ಟಕ್ಕಿಂತ ಎತ್ತರದಲ್ಲಿ ನೀರು. ಒಳಗೆ ಒಣಗಿದ ನೆಲ, ಚಿಕ್ಕದೊಂದು ಮಂಟಪ, ಅದರಲ್ಲೊಂದು ಲಿಂಗ.

ನಮ್ಮೊಡನಿದ್ದ ಹಿರಿಯರೊಬ್ಬರು ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತರು. ಏಳುವಾಗ ಅವರು ಆಡಿದ್ದು ಒಂದೇ ಮಾತು: "ದೊಡ್ಡ ನೀರಿನ ನಡುವೆ ಸಣ್ಣದನ್ನು ಉಳಿಸಿಕೊಳ್ಳಬೇಕಾದರೆ ದಿನಾಲೂ ಗೋಡೆಯ ಕಡೆ ಲಕ್ಷ್ಯ ಇರಬೇಕು." ಆ ಮಾತು ಅಂದಿನ ದಿನದುದ್ದಕ್ಕೂ ನಮ್ಮ ಜೊತೆಗೆ ಬಂತು.

ಸಂಗಮದಿಂದ ಹುನಗುಂದದ ದಾರಿ ಹಿಡಿದರೆ ಇಕ್ಕೆಲಗಳಲ್ಲಿಯೂ ಎರೆಭೂಮಿ. ಹಿಂಗಾರಿ ಬಿಳಿಜೋಳ ಎದೆಯುದ್ದ ಬೆಳೆದು ನಿಂತಿತ್ತು. ಈ ಬೆಳೆಯ ಪರಿ ತಿಳಿದವರಿಗೆ ಭರವಸೆ ಎಂಬುದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಮಳೆಗಾಲದ ಕೊನೆಗೆ ಬಿತ್ತುತ್ತಾರೆ. ಆಮೇಲೆ ಮುಗಿಲಿನಿಂದ ಹೆಚ್ಚಿನದೇನೂ ಬರುವುದಿಲ್ಲ. ಕರಿಮಣ್ಣು ತನ್ನೊಡಲಿನಲ್ಲಿ ಹಿಡಿದಿಟ್ಟುಕೊಂಡ ಹಸಿಯನ್ನೇ ಹೀರಿ, ಚಳಿಗಾಲದ ಇಬ್ಬನಿಯಲ್ಲಿ ಮೈ ತೋಯಿಸಿಕೊಂಡು ಜೋಳ ತೆನೆಗಟ್ಟುತ್ತದೆ. ಕಣ್ಣಿಗೆ ಕಾಣದ ತೇವವೊಂದು ಒಳಗಿದೆ ಎಂಬ ನಂಬಿಕೆಯ ಮೇಲೆಯೇ ಈ ಸೀಮೆಯ ರೊಟ್ಟಿ ನಿಂತಿದೆ.

ಎಳ್ಳ ಅಮಾವಾಸ್ಯೆಯ ದಿನ ಈ ಹೊಲಗಳಲ್ಲೆಲ್ಲ ಚರಗ ಚೆಲ್ಲಿರುತ್ತಾರೆ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಬಂದು, ಮೊದಲು ಭೂತಾಯಿಗೆ ಎಡೆಮಾಡಿ, ಬಳಿಕ ತಾವು ಉಣ್ಣುತ್ತಾರೆ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಕೀಳಬೇಕು, ಒಕ್ಕಬೇಕು, ಪೇಟೆಯ ಧಾರಣೆ ಏನಾಗುವುದೋ ಕಾಣಬೇಕು. ಆದರೂ ಹಬ್ಬ ಬೆಳೆಯ ನಡುವೆಯೇ ಆಗಿಹೋಗುತ್ತದೆ. ಫಲ ಬಂದ ಮೇಲೆ ಸಂತೋಷಪಡೋಣವೆಂದು ನಮ್ಮ ಹಿರಿಯರು ಕಾದು ಕೂಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಹುನಗುಂದವನ್ನು ದಾಟಿ, ಸೊಲ್ಲಾಪುರದಿಂದ ಹೊಸಪೇಟೆಯತ್ತ ಹೋಗುವ ಹೆದ್ದಾರಿಯಲ್ಲಿ ಸಾಗಿದರೆ ಇಳಕಲ್ ಬರುತ್ತದೆ. ಊರಿನ ಹೆಸರಿನಲ್ಲಿಯೇ ಕಲ್ಲಿದೆ. ಇಲ್ಲಿಯ ಕೆಂಪು ಗ್ರಾನೈಟು ಸಮುದ್ರ ದಾಟಿ ಪರದೇಶಗಳ ಕಟ್ಟಡಗಳನ್ನು ಸೇರುತ್ತದೆ. ಆದರೆ ಕನ್ನಡ ನಾಡಿನ ಹೆಣ್ಣುಮಕ್ಕಳಿಗೆ ಇಳಕಲ್ ಎಂದರೆ ಸೀರೆಯೇ. ಪೇಟೆಯ ಗದ್ದಲವನ್ನು ಬಿಟ್ಟು ಒಳಗಿನ ಓಣಿಗಳಿಗೆ ಹೊಕ್ಕರೆ ಮಗ್ಗದ ಸಪ್ಪಳ ಕೇಳುತ್ತದೆ. ಕೆಲವು ಓಣಿಗಳಲ್ಲಿ ವಿದ್ಯುತ್ ಮಗ್ಗದ ಎಡೆಬಿಡದ ಆರ್ಭಟ. ಇನ್ನು ಕೆಲವೆಡೆ ನಿಂತು ನಿಂತು ಕೇಳುವ ಕೈಮಗ್ಗದ ಲಟಪಟ. ನಾವು ಎರಡನೆಯ ಸಪ್ಪಳವನ್ನು ಹಿಂಬಾಲಿಸಿ, ಪರಿಚಿತರೊಬ್ಬರ ಮೂಲಕ ನೇಕಾರರೊಬ್ಬರ ಮನೆಗೆ ಹೋದೆವು.

ಪಡಸಾಲೆಯಲ್ಲಿಯೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮನೆಯ ಯಜಮಾನರು ನೇಯುತ್ತಿದ್ದರು. ಅವರ ಪತ್ನಿ ನೂಲಿನ ಸಿಕ್ಕು ಬಿಡಿಸುತ್ತಿದ್ದರು. ಬಾಗಿಲ ಬೆಳಕಿನಲ್ಲಿ ಅವರ ವೃದ್ಧ ತಾಯಿ ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಒಂದು ಸೀರೆಯ ಹಿಂದೆ ಒಂದು ಇಡೀ ಮನೆ ದುಡಿಯುತ್ತದೆ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಅಂಗಡಿಯಲ್ಲಿ ನಾವು ಬೆಲೆ ಕೇಳುವುದು ಬಟ್ಟೆಗೆ. ಬಣ್ಣ ಹಾಕಿದವರು, ಹಾಸು ಹೂಡಿದವರು, ಗಂಜಿ ಹಚ್ಚಿದವರು, ಕಂಡಿಕೆ ಸುತ್ತಿದವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಅದರ ಸೆರಗಿನ ಜೋಡಣೆಯಲ್ಲಿ. ಒಡಲಿಗೆ ಸಾಮಾನ್ಯವಾಗಿ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಇಲ್ಲವೆ ಕೃತಕ ರೇಷ್ಮೆಯ ಹಾಸು. ಎರಡೂ ಬೇರೆ ಬೇರೆ ನೂಲು. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳೊಡನೆ ಕುಣಿಕೆ ಕುಣಿಕೆಯಾಗಿ ಕೈಯಿಂದಲೇ ಕೂಡಿಸಬೇಕು. ಇದಕ್ಕೆ ಟೋಪ ತೆನಿ ಎಂದು ಹೆಸರು. ಬೇರೆ ಕಡೆಗಳಲ್ಲಿ ಒಮ್ಮೆ ಹಾಸು ಹೂಡಿದರೆ ಹಲವು ಸೀರೆಗಳನ್ನು ಒಂದರ ಹಿಂದೊಂದರಂತೆ ನೇಯ್ದು ಕತ್ತರಿಸಬಹುದು. ಇಲ್ಲಿ ಹಾಗಲ್ಲ. ಆರು ಗಜವಾಗಲಿ, ಎಂಟು ಗಜವಾಗಲಿ, ಒಂಬತ್ತು ಗಜವಾಗಲಿ, ಒಂದೊಂದು ಸೀರೆಗೂ ಹೊಸ ಹಾಸು, ಹೊಸ ಜೋಡಣೆ. ದಡಿಯ ಬಣ್ಣ ಒಡಲಿಗೆ ನುಸುಳದಂತೆ ಮೂರು ಲಾಳಿಗಳನ್ನು ಹೊಡೆದು, ಹೊಕ್ಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವಂತೆ ನೇಯುತ್ತಾರೆ.

ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳು, ಅವುಗಳ ನಡುವೆ ಎರಡು ಬಿಳಿಯ ಪಟ್ಟಿಗಳು. ಕೆಂಪು ಬಿಳಿಗಳು ಸಂಧಿಸುವಲ್ಲಿ ಮೂಡುವ ಆಕೃತಿಗಳ ಹೆಸರುಗಳನ್ನು ಕೇಳಿ ನಮಗೆ ಬಹಳ ಸಂತೋಷವಾಯಿತು. ಒಂದು ತಲೆ ಬಾಚುವ ಹಣಿಗೆ, ಒಂದು ಕೋಟೆಯ ತೆನೆ, ಒಂದು ಜೋಳದ ತೆನೆ, ಒಂದು ಬೆಟ್ಟದ ಸಾಲು. ಅರಮನೆಯ ಆನೆ ಕುದುರೆಗಳನ್ನು ಈ ನೇಕಾರರ ಹಿರಿಯರು ಹುಡುಕಿಕೊಂಡು ಹೋಗಲಿಲ್ಲ. ಬೆಳಗಾಗೆದ್ದು ತಲೆ ಬಾಚಿದ ಹಣಿಗೆ, ಬಾಗಿಲು ತೆರೆದರೆ ಕಂಡ ಗುಡ್ಡ, ಹೊಲದಲ್ಲಿ ತೂಗುವ ತೆನೆ ಇವುಗಳನ್ನೇ ಸೆರಗಿಗೆ ಏರಿಸಿದರು. ನಿತ್ಯದ ವಸ್ತುವನ್ನು ಹೆಗಲ ಮೇಲೆ ಹೊತ್ತು ಹಬ್ಬಕ್ಕೆ ಹೋಗುವ ಹೆಣ್ಣುಮಕ್ಕಳು ನಮ್ಮವರು.

ಅಂದು ಮಗ್ಗದ ಮೇಲಿದ್ದದ್ದು ಗಿಳಿಹಸಿರು ಬಣ್ಣದ ಸೀರೆ. ಯಾರ ಬೇಡಿಕೆ ಎಂದು ಕೇಳಿದೆವು. ಯಜಮಾನರು ನಕ್ಕು ಪತ್ನಿಯ ಕಡೆಗೆ ನೋಡಿದರು. ಆ ತಾಯಿ ತಲೆತಗ್ಗಿಸಿಯೇ ಹೇಳಿದರು: "ಇದು ಮಾರಾಟದ್ದಲ್ರಿ. ಮಗಳ ಕುಬಸ ಐತಿ. ಊರಿಗೆಲ್ಲಾ ಸೆರಗ ಕೂಡಿಸಿ ಕೊಟ್ಟೇವಿ, ಮನಿ ಮಗಳಿಗೊಂದು ಕೂಡಿಸಬೇಕಲ್ರಿ." ಹಾಗೆ ಹೇಳಿದ ತಾಯಿ ಉಟ್ಟದ್ದು ಮಾತ್ರ ಅಗ್ಗದ ಮಿಲ್ಲಿನ ಸೀರೆ. ಎಷ್ಟೋ ಮದುವೆಗಳ ಸೆರಗನ್ನು ಕೂಡಿಸಿದ ಬೆರಳುಗಳಿಗೆ ಅದರ ಬಗ್ಗೆ ಬೇಸರವಿದ್ದಂತೆ ಕಾಣಲಿಲ್ಲ. ಮಗಳ ಸೀರೆಯ ಎಳೆಗಳ ಮೇಲೆ ಅವು ಓಡಾಡುತ್ತಿದ್ದ ರೀತಿಯಲ್ಲಿಯೇ ಅವರ ಹಬ್ಬವಿತ್ತು.

ಆ ಮನೆಯಲ್ಲಿ ಇನ್ನೊಂದು ಕುಣಿಯೂ ಇತ್ತು. ಅದರ ಮೇಲೆ ಹಲಗೆಗಳನ್ನು ಹಾಸಿ ಜೋಳದ ಚೀಲಗಳನ್ನಿಟ್ಟಿದ್ದರು. ಮಗ ಬೆಂಗಳೂರಿಗೆ ಹೋಗಿ ನೌಕರಿಗೆ ಸೇರಿದ ಮೇಲೆ ಆ ಮಗ್ಗ ಬಿಚ್ಚಿಟ್ಟದ್ದಂತೆ. ಇದು ಒಂದು ಮನೆಯ ಮಾತಲ್ಲ. ಹಲವು ದಿನಗಳ ದುಡಿಮೆಯಿಂದ ಆಗುವ ಒಂದು ಸೀರೆಯ ಪಕ್ಕದಲ್ಲಿಯೇ ಅದೇ ಬಣ್ಣದ, ಅದೇ ದಡಿಯ ವಿದ್ಯುತ್ ಮಗ್ಗದ ಸೀರೆ ಕಡಿಮೆ ಬೆಲೆಗೆ ದೊರೆಯುತ್ತದೆ. ದಡಿಯುಳ್ಳ ಸೀರೆಗಳನ್ನು ಕೈಮಗ್ಗಕ್ಕೆ ಮೀಸಲಿಡಬೇಕೆಂದು ಕೇಂದ್ರ ಸರಕಾರ 1985ರಲ್ಲಿಯೇ ಕಾಯಿದೆ ಮಾಡಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂದಿದೆ. ಆದರೆ ಕೊಳ್ಳುವವರಿಗೆ ಯಾವುದು ಯಾವುದೆಂದು ತಿಳಿಯದಿದ್ದರೆ ಕಾಯಿದೆಯೊಂದೇ ಏನು ಮಾಡೀತು? ಮಗ ಹೋದದ್ದರ ಬಗ್ಗೆ ಯಜಮಾನರಿಗೆ ದೂರಿರಲಿಲ್ಲ. "ಅವನಿಗೆ ಅವನ ಹಾದಿ ಐತ್ರಿ. ನನ್ನ ಕೈ ನಡಿಯೂತನಕ ಈ ಕುಣಿ ತುಂಬೂದಿಲ್ಲ" ಎಂದಷ್ಟೇ ಹೇಳಿ ಲಾಳಿ ಹೊಡೆದರು.

ಮುಚ್ಚಿದ ಆ ಕುಣಿಯ ಕಥೆ ಅದಕ್ಕಿಂತ ಹಿಂದಿನದು. ಅದನ್ನು ಹೇಳಿದವರು ರಾಟೆಯ ಮುಂದಿದ್ದ ವೃದ್ಧೆ. ಮೊದಲು ಅಲ್ಲಿ ನೇಯುತ್ತಿದ್ದವರು ಅವರ ಗಂಡ. ಕೈ ಬಲು ಚೊಕ್ಕಟವಂತೆ. ಆದರೆ ಕೂಲಿ ಕೈಗೆ ಬಂದ ದಿನ ಕಾಲು ಮನೆಯ ಕಡೆಗೆ ತಿರುಗುತ್ತಿರಲಿಲ್ಲ. ಸಾರಾಯಿ ಅಂಗಡಿಯಲ್ಲಿ ಕೂಲಿ ಮುಗಿಯಿತು, ಮನೆಯ ತಾಮ್ರದ ಕೊಡ ಮುಗಿಯಿತು, ಕೊನೆಗೆ ಮಗ್ಗದ ಸಾಮಾನೂ ಒತ್ತೆ ಹೋಯಿತು. ಹೊಸ ಹಾಸು ತರಲು ದುಡ್ಡಿಲ್ಲದೆ ಮಗ್ಗ ಸುಮ್ಮನಾಯಿತು. ನೇಕಾರರ ಓಣಿಯಲ್ಲಿ ಸಪ್ಪಳವಿಲ್ಲದ ಮನೆಯೆಂದರೆ ಒಲೆಯೂ ಹೊತ್ತದ ಮನೆ.

ಅದೇ ಕಾಲದಲ್ಲಿ ಇಳಕಲ್ಲಿನಲ್ಲಿ ಒಂದು ಅಪೂರ್ವವಾದ ಕಾರ್ಯ ನಡೆದಿತ್ತು. ಚಿತ್ತರಗಿ-ಇಳಕಲ್ ಶ್ರೀ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಜಂಗಮರ ಜೋಳಿಗೆಯೆಂದರೆ ಹಿಟ್ಟು, ಕಾಳು, ಕಾಣಿಕೆ ನೀಡುವುದು ವಾಡಿಕೆ. ಇವರು ಬೇಡಿದ್ದು ಜನರ ದುಶ್ಚಟಗಳನ್ನು. ಬೀಡಿ, ತಂಬಾಕು, ಕುಡಿತ ಏನಿದ್ದರೂ ಇದರಲ್ಲಿ ಹಾಕಿರಿ, ಮತ್ತೆ ಅದನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಿರಿ ಎಂದು ಕೇಳಿದರು. ಜಾತಿ ಕೇಳದೆ, ಕೇರಿಯ ಭೇದವೆಣಿಸದೆ ಊರೂರು ತಿರುಗಿದರು. ಮಹಾಂತ ಜೋಳಿಗೆ ಎಂದು ನಾಡಿನಲ್ಲೆಲ್ಲ ಹೆಸರಾದ ಈ ಕಾಯಕವನ್ನು 2018ರಲ್ಲಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಗಳಿಗೂ ಮೀರಿ ನಡೆಸಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ.

ಕೊಡುವುದೆಂದರೆ ಇದ್ದದ್ದರಲ್ಲಿ ಒಳ್ಳೆಯದನ್ನು ಕೊಡುವುದು ಎಂದು ನಾವು ತಿಳಿದಿದ್ದೇವೆ. ತನ್ನಲ್ಲಿರುವ ಕೆಟ್ಟದ್ದನ್ನೇ ಕೊಟ್ಟು ಹಗುರಾಗುವ ಅವಕಾಶ ಬಡವನಿಗೂ ಉಂಟು, ಸೋತವನಿಗೂ ಉಂಟು ಎಂದು ಆ ಜೋಳಿಗೆ ತೋರಿಸಿಕೊಟ್ಟಿತು. ಬುದ್ಧಿ ಹೇಳಿ ಬೈದು ಹೋಗುವವರು ಕುಡುಕನ ಮನೆಗೆ ಎಷ್ಟೋ ಜನ ಬಂದಿರುತ್ತಾರೆ. ಕೈಯೊಡ್ಡಿ ಬೇಡುವವರು ಬಂದಾಗ ಅವನೂ ಕೊಡುವವನ ಸ್ಥಾನದಲ್ಲಿ ನಿಲ್ಲುತ್ತಾನೆ. ಆ ಮರ್ಯಾದೆಯೇ ಅವನನ್ನು ಎತ್ತುತ್ತದೆಂದು ನಮಗೆ ತೋರುತ್ತದೆ.

ಆ ವೃದ್ಧೆಯ ಗಂಡನೂ ಒಂದು ದಿನ ಜೋಳಿಗೆಗೆ ತನ್ನ ತಂಬಾಕಿನ ಚೀಲವನ್ನೂ ಕುಡಿತವನ್ನೂ ಹಾಕಿ ಬಂದರು. ಒಂದೇ ದಿನದಲ್ಲಿ ಎಲ್ಲವೂ ಸರಿಹೋಯಿತೆಂದು ಆ ತಾಯಿ ಹೇಳಲಿಲ್ಲ. ಕೈ ನಡುಗಿದ ರಾತ್ರಿಗಳಿದ್ದವಂತೆ, ಓಣಿಯ ತುದಿಯವರೆಗೆ ಹೋಗಿ ಹಿಂದಿರುಗಿದ ಸಂಜೆಗಳಿದ್ದವಂತೆ. ಆದರೆ ಕೊಟ್ಟ ಮಾತು ನಿಂತಿತು. ಒತ್ತೆ ಹೋದ ಸಾಮಾನು ಒಂದೊಂದಾಗಿ ಮನೆಗೆ ಬಂತು. ಮಗ್ಗ ಮತ್ತೆ ಮಾತಾಡಿತು. ತಂದೆಯ ಕುಣಿಯ ಪಕ್ಕದಲ್ಲಿಯೇ ಇನ್ನೊಂದು ಕುಣಿ ತೋಡಿ ಮಗನಿಗೆ ಲಾಳಿ ಹೊಡೆಯುವುದನ್ನು ಕಲಿಸಿದರು. ಈಗ ನಮ್ಮೆದುರಿಗೆ ನೇಯುತ್ತಿದ್ದವರು ಆ ಮಗನೇ.

ನಿಮಗೆ ಎಲ್ಲಕ್ಕಿಂತ ಹೆಚ್ಚು ಸಂತೋಷವಾದದ್ದು ಯಾವಾಗ ಎಂದು ನಮ್ಮಲ್ಲೊಬ್ಬರು ಕೇಳಿದರು. ಮಗನ ಮದುವೆಯನ್ನೋ ಮನೆಯ ಮಾಳಿಗೆ ಕಟ್ಟಿಸಿದ್ದನ್ನೋ ಹೇಳುವರೆಂದು ನಾವೆಣಿಸಿದ್ದೆವು. ಅವರು ರಾಟೆ ನಿಲ್ಲಿಸಿ ಹೀಗೆಂದರು: "ಮೊದಲ ಸಂಜಿ ಆತಂದ್ರ ಬಾಗಲಾ ಬಡಿಯೂ ಸಪ್ಪಳಕ್ಕ ಎದಿ ನಡಗತಿತ್ತು, ಕೂಸಿನ್ನ ಎತಿಗೊಂಡು ಹಿತ್ತಲಕ್ಕ ಹೋಗತಿದ್ದೆ. ಆಮ್ಯಾಲ ಅದ ಬಾಗಲಾ, ಅದ ಸಪ್ಪಳ, ಚಾ ಇಡಾಕ ಏಳತಿದ್ದೆ. ಅದಕಿಂತ ದೊಡ್ಡ ಸುಖ ಏನೈತ್ರಿ?"

ನಮಗೆ ಯಾರಿಗೂ ಮಾತು ಹೊರಡಲಿಲ್ಲ. ಸಂಜೆ ಮನೆಯ ಬಾಗಿಲು ಬಡಿಯುವ ಸಪ್ಪಳವನ್ನು ನಾವೆಲ್ಲರೂ ದಿನಾಲೂ ಕೇಳುತ್ತೇವೆ. ಅದರಲ್ಲೊಂದು ಸುಖವಿದೆಯೆಂದು ಎಂದಾದರೂ ಎಣಿಸಿದ್ದುಂಟೆ? ಕಳೆದುಕೊಂಡು ಮರಳಿ ಪಡೆದವರಿಗೆ ಮಾತ್ರ ಅದರ ತೂಕ ಗೊತ್ತು. ಕಳೆದುಕೊಳ್ಳದೆಯೇ ಆ ತೂಕವನ್ನು ಅರಿಯುವುದು ಸಾಧ್ಯವಾದರೆ ಅದಕ್ಕಿಂತ ಹೆಚ್ಚಿನ ಭಾಗ್ಯ ಬೇರಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಮನೆವಾರ್ತೆಯ ಬದುಕನ್ನು ಬಿಟ್ಟು ಕಾಡಿಗೆ ಹೋಗಿರೆಂದು ಹೇಳಿದವರಲ್ಲ. ಅವರಿಗಿಂತ ಹಿರಿಯನೆನಿಸಿದ ದಾಸಿಮಯ್ಯ ಮುದನೂರಿನ ನೇಕಾರ. ರೆಮ್ಮವ್ವೆ ಕದಿರಿನಲ್ಲಿ ನೂಲು ತೆಗೆದಳು. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದ. ಮಾರಯ್ಯ ಅಂಗಳದ ಅಕ್ಕಿಯನ್ನು ಆಯ್ದು ತಂದ. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು ಮಡದಿ ಲಕ್ಕಮ್ಮ. ಇವರ ಅನುಭಾವವೆಲ್ಲ ಹುಟ್ಟಿದ್ದು ಮಗ್ಗ, ರಾಟೆ, ಹಗ್ಗ, ಹಿಡಿ ಅಕ್ಕಿಗಳ ನಡುವೆ. ನಾಳೆಯ ಮೇಲಿನ ಆಸೆಗೂ ನಾಳೆಯ ಮೇಲಿನ ಭರವಸೆಗೂ ಇರುವ ಅಂತರವನ್ನು ಅವರು ಅರಿತಿದ್ದರು. ಆಸೆ ಕೂಡಿಡಲು ಹೇಳುತ್ತದೆ. ಭರವಸೆ ಇಂದಿನ ಎಳೆಯನ್ನು ಇಂದೇ ಕೂಡಿಸಲು ಹೇಳುತ್ತದೆ.

ನೇಯುವಾಗ ನೂಲು ಹರಿಯುವುದು ಸಹಜ. ನಾವು ಕುಳಿತಿದ್ದ ಆ ಹೊತ್ತಿನಲ್ಲಿಯೇ ಎಷ್ಟೋ ಸಲ ಎಳೆ ಹರಿಯಿತು. ಪ್ರತಿಸಲವೂ ಯಜಮಾನರು ಮಗ್ಗ ನಿಲ್ಲಿಸಿ, ಹರಿದ ತುದಿಗಳನ್ನು ಹುಡುಕಿ, ಬೆರಳ ತುದಿಯಲ್ಲಿ ಹೊಸೆದು ಮುಂದುವರಿದರು. ಮುಖದಲ್ಲಿ ಸಿಡುಕಿರಲಿಲ್ಲ. ಹರಿದದ್ದನ್ನು ಕೂಡಿಸುವುದು ಕೆಲಸದೊಳಗಿನ ಅಡ್ಡಿಯಲ್ಲ, ಅದೂ ಕೆಲಸವೇ ಎಂಬ ಭಾವ. ಮನೆಯಲ್ಲಿ ಅಣ್ಣತಮ್ಮಂದಿರ ಮಾತು ಮುರಿದಾಗ, ಅತ್ತೆ ಸೊಸೆಯರ ಮನಸ್ಸು ಮುನಿದಾಗ, ಬೆಳೆದ ಮಕ್ಕಳು ಮೌನವಾದಾಗ ಈ ತಾಳ್ಮೆಯಲ್ಲಿ ಅರ್ಧ ನಮಗಿದ್ದರೂ ಸಾಕಿತ್ತು.

ಓದುಗ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಸಂಗಮಕ್ಕೆ ಹೋದವರು ಅಲ್ಲಿಂದಲೇ ಹಿಂದಿರುಗದೆ ಇಳಕಲ್ಲಿಗೂ ಹೋಗಿಬನ್ನಿರಿ. ಸೀರೆ ಕೊಳ್ಳುವಾಗ ಬಣ್ಣ ದಡಿಗಳನ್ನು ನೋಡಿದ ಮೇಲೆ ಸೆರಗನ್ನು ಮಗುಚಿ, ಒಡಲು ಸೆರಗುಗಳು ಕೂಡುವ ಗೆರೆಯ ಮೇಲೆ ಬೆರಳಾಡಿಸಿರಿ. ಕೈಯಿಂದ ಕೂಡಿಸಿದ್ದಾದರೆ ಕುಣಿಕೆಗಳ ಸಾಲು ಬೆರಳಿಗೆ ತಗಲುತ್ತದೆ. ಅಂತಹ ಸೀರೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಅದು ದಾನವಲ್ಲ. ಯಾರದೋ ಮನೆಯ ಕುಣಿ ಮುಚ್ಚದಂತೆ ನಾವು ಸಲ್ಲಿಸುವ ಪಾಲು. ಉಡುವ ಮುಂಚೆ ಮನೆಯ ಮಕ್ಕಳಿಗೂ ಆ ಗೆರೆಯನ್ನು ಮುಟ್ಟಿಸಿ ತೋರಿಸಿರಿ.

ನಾವು ಹೊರಡುವ ಹೊತ್ತಿಗೆ ಗಿಳಿಹಸಿರು ಒಡಲು ಮುಗಿಯುತ್ತ ಬಂದಿತ್ತು. ಕೆಂಪು ಸೆರಗು ಹಣಿಗೆಯ ಹತ್ತಿರ ಕಾದಿತ್ತು. ಓಣಿಯ ತಿರುವಿನವರೆಗೂ ಲಾಳಿಯ ಸಪ್ಪಳ ಕೇಳುತ್ತಲೇ ಇತ್ತು. ಕುಬಸದ ದಿನಕ್ಕೆ ಇನ್ನೂ ಒಂದು ವಾರವಿತ್ತು.